ಎರಡು ತೂತಿನ ದೊರಿ

ಇಳಿಹೊತ್ತಿನ್ಯಾಗ ಬಂದರು ತಸ್ಕೀನ ಮೇಡಂ,
ಮಸ್ಕಿಯ ಡಿಗ್ರಿ ಕಾಲೇಜಿನ ಇತಿಹಾಸದವರು.
ಕರವಸ್ತ್ರದ ಗಂಟು ಬಿಚ್ಚಿ ಇಟ್ಟರು ತಕ್ಕಡಿಯ ಮುಂದ:
'ನಮ್ಮ ಹುಡುಗಿ ಹುಲಿಗೆವ್ವನ ಮುತ್ತಜ್ಜಿಯ ಸರದ್ದು,
ಮಾನಪ್ಪ, ಖರೇನೋ ಖೋಟಾನೋ ನೋಡಿ ಹೇಳ್ರಿ.'

ಹೆಬ್ಬೆಟ್ಟಿನಗಲ ಬಂಗಾರ.
ಟೊಪ್ಪಿಗಿ ಹಾಕಿದ ಒಬ್ಬ ದೊರಿ, ಕಣ್ಣು ಉರುಟು,
ಹೆಗಲ ಮ್ಯಾಲ ಈಟಿ,
ನೆತ್ತಿಯ ಮ್ಯಾಲ ಎರಡು ತೂತು.
ಯಾವಳೋ ಹೆಣ್ಣುಮಗಳ ಕೊರಳಿಗೆ
ಚಕ್ರವರ್ತಿಯನ್ನ ಪೋಣಿಸಿದ ಗುರುತು.

ರೋಮ್ ಅಂದರು. ಕಡೆಗಾಲದ ರೋಮ್.
ಕುಲುಮಿಗೆ ಇದ್ದಲಿ ಹಾಕಿ
'ಹೇಳ್ರಿ, ಕಿವಿ ಖಾಲಿ ಅದಾವ' ಅಂದೆ.

ಸೇನೆಯ ಸಂಬಳಕ್ಕ ರೊಕ್ಕ ಸಾಲದಾದಾಗ
ಬೆಳ್ಳಿ ನಾಣ್ಯಕ್ಕ ತಾಮ್ರ ಬೆರೆಸಿದರಂತ ಅಲ್ಲಿ.
ಮೊದಲು ಚೂರು. ಆಮ್ಯಾಲ ಇನ್ನೊಂದು ಚೂರು.
ಕಡೀಕ ತಾಮ್ರದ ಬಿಲ್ಲೆಗೆ
ಬೆಳ್ಳಿ ನೀರು ಕುಡಿಸಿ ಬಿಟ್ಟರು ಪ್ಯಾಟಿಗೆ.
ನಕ್ಕೆ ನಾನು.
ನಮ್ಮವರು ಆ ಕೆಲಸ ಮಾಡಿದರ
ಅಕ್ಕಸಾಲಿ ಅಕ್ಕನ ಬಂಗಾರಾನೂ ಬಿಡ ಅಂತಾರ,
ದೊರಿ ಮಾಡಿದರ ಏನಂತಾರ?
'ಹಣಕಾಸು ನೀತಿ' ಅಂದರು ಮೇಡಂ. ನಗಲಿಲ್ಲ.

ರೊಕ್ಕ ಹಗುರಾತು, ರೊಟ್ಟಿ ಭಾರಾತು.
ಆಗ ಒಬ್ಬ ದೊರಿ ಕಲ್ಲು ಕೆತ್ತಿಸಿದ:
ಗೋಧಿಗೆ ಇಷ್ಟು, ಕಾಲ್ಮರಿಗೆ ಇಷ್ಟು,
ಒಂದು ಕ್ಷೌರಕ್ಕ ಎರಡು,
ಔನ್ಸು ಬಂಗಾರದ ಸಾದಾ ಕೆಲಸಕ್ಕ ಐವತ್ತು, ನಾಜೂಕಿಗೆ ಎಂಬತ್ತು
(ಆ ಎಂಬತ್ತನ್ನ ಮತ್ತೊಮ್ಮೆ ಹೇಳಿಸಿಕೊಂಡೆ),
ಸಿಂಹಕ್ಕೂ ದರ ಇತ್ತಂತ.
ಮೀರಿದರ ತಲೆದಂಡ.
'ಮತ್ತ?'
'ಮತ್ತೇನು, ಮಾಲು ಒಳಗಿಟ್ಟು ಕದ ಹಾಕಿದರು.
ಕಲ್ಲು ಹೊರಗ ನಿಂತಿತ್ತು.'

ಕಲ್ಲಿನ ಮಾತು ಮಸ್ಕಿಯವರಿಗೆ ಹೊಸದೇನು.
ನಮ್ಮ ಗುಡ್ಡದಾಗೂ ಒಬ್ಬ ದೊರಿ ಮಾತಾಡ್ಯಾನ,
ಜಾಳಿಗಿ ಹಾಕಿ ಬೀಗ ಜಡಿದಾರ ಅದಕ್ಕ.
ಅದರಾಗ ಜ್ವಾಳದ ದರ ಇಲ್ಲ, ಪುಣ್ಯ.

ಮುಂದ ಬಂದವನು ಬಂಗಾರದ ನಾಣ್ಯ ಹೊಡೆಸಿದ,
ಬೆರಕಿ ಇಲ್ಲದ್ದು.
ಕಂದಾಯ ಬಂಗಾರದಾಗ ಕಟ್ರಿ ಅಂದರು;
ಕಟ್ಟುವವರ ಉಡಿಯಾಗ ಇದ್ದದ್ದು ತಾಮ್ರ.
ವಸೂಲಿ ಕಮ್ಮಿ ಬಿದ್ದರ ಊರ ಹಿರೇರು
ತಮ್ಮ ಮನಿಯಿಂದ ತುಂಬಬೇಕು.
ಹಿರೇರು ರಾತ್ರೋರಾತ್ರಿ ಊರು ಬಿಟ್ಟರು.
ಬಿಡಬಾರದಂತ ಇನ್ನೊಂದು ಕಾನೂನು:
ರೊಟ್ಟಿ ಸುಡುವವನ ಮಗ ರೊಟ್ಟಿಯೇ ಸುಡಬೇಕು,
ಹಡಗಿನವನ ಮಗ ಹಡಗಿಗೇ,
ಉಳುವವನು ಉಳುವ ಹೊಲಕ್ಕೇ.

ಇದ್ದಲಿ ಚಟ್ ಅಂತು.
ನಮ್ಮಪ್ಪ ಪತ್ತಾರ. ಅವರಪ್ಪ ಪತ್ತಾರ.
ನಮಗ ಕಾನೂನು ಬೇಕಾಗಲಿಲ್ಲ ಮೇಡಂ,
ಹುಟ್ಟಿದ್ದೇ ಸಾಕಾತು.

ಒರೆಗಲ್ಲಿಗೆ ನಾಣ್ಯದ ಅಂಚು ಎಳೆದೆ.
ಪಕ್ಕದಾಗ ನನ್ನ ಇಪ್ಪತ್ತೆರಡರ ಕಡ್ಡಿ.
ಒಂದೊಂದು ಹನಿ ಆಸಿಡ್.
ಅವನ ಗೆರಿ ಕದಲಲಿಲ್ಲ.
ಬಂಗಾರ ಖರೇ.

ಆದರ ಭೂತಗನ್ನಡಿ ಹಿಡಿದರ
ದೊರಿಯ ಸುತ್ತಲಿನ ಅಕ್ಷರ ಅಕ್ಷರ ಅಲ್ಲ:
ಗೆರಿ, ಚುಕ್ಕಿ, ಕೊಕ್ಕಿ, ಮತ್ತ ಗೆರಿ.
ಓದು ಬಾರದವನು ಓದಿದವರ ಹಂಗ ಬರದಾನ.
ಈಟಿ ಹಿಡಿದ ಕೈಗೆ ಬಳಿ ತೊಡಿಸ್ಯಾನ.
ಇದು ರೋಮಿನದಲ್ಲ ಮೇಡಂ.
ಬಂಗಾರ ಹಟ್ಟಿ ಕಡೇದೋ ಏನೋ, ಯಾರಿಗೆ ಗೊತ್ತು,
ಕೈ ಮಾತ್ರ ನಮ್ಮದು.

'ಹಂಗಾದ್ರ ಖೋಟಾ?'
ಅಲ್ಲಿ ಮುದ್ರಿ ಖರೇ, ಒಳಗ ತಾಮ್ರ;
ಇಲ್ಲಿ ಮುದ್ರಿ ಸುಳ್ಳು, ಒಳಗ...
ಮಾತು ಮುಗಿಸಲಿಲ್ಲ.
ಲಿಂಗಸುಗೂರಿನಾಗ ಮಷಿನ್ ಅದ,
ಕಾಗದದಾಗ ನಂಬರ್ ಬರಕೊಡತಾರ, ತೋರಸ್ರಿ ಅಂದೆ.

ಎಷ್ಟಾತು ಅಂದರು. ನಾಜೂಕಿಗೆ ಎಂಬತ್ತು ಅಂದೆ.
ಆಗ ನಕ್ಕರು. ಚಾ ತರಿಸಿದರು, ತಮ್ಮ ರೊಕ್ಕದಾಗ.

ಅವರು ಹೋದ ಮ್ಯಾಲ ಕಲ್ಲಿನ ಮ್ಯಾಲ
ಕೂದಲಿನಷ್ಟು ಗೆರಿ ಉಳಿದಿತ್ತು.
ಯಾರ ಗೆರಿಯಾದರೂ ಮೇಣದ ಉಂಡಿ ಒತ್ತಿ ತೆಗೀತೀನಿ,
ವರ್ಷಕ್ಕೊಮ್ಮೆ ಕರಗಿಸಿದರ ಒಂದೆರಡು ಗುಂಜಿ ಬರತದ,
ನಮ್ಮಪ್ಪ ಅದಕ್ಕ ಕಲ್ಲಿನ ಕಂದಾಯ ಅಂತಿದ್ದ.
ಉಂಡಿ ಕೈಯಾಗ ಹಿಡಿದು
ತುಸು ಹೊತ್ತು ಕೂತೆ.

ಆಮ್ಯಾಲ ಒತ್ತಿದೆ.